ಮೊಲ ಕುಂಟ್ತಾ ಇದೆ: ರಾತ್ರಿಯೇ ಓಡಬೇಕಾ, ಬೆಳಗಿನವರೆಗೆ ಕಾಯಬಹುದಾ?

ಬೂಂದಿ ಮನೆಯವರು | ಶನಿವಾರ ರಾತ್ರಿ 9:20

ವಿಜಯನಗರದಲ್ಲಿದ್ದೀವಿ. ನಮ್ಮ ಬೂಂದಿ, ಒಂದೂವರೆ ವರ್ಷದ ಗಂಡು ಮೊಲ, ಸಂಜೆಯಿಂದ ಬಲಗಡೆ ಹಿಂಗಾಲು ಊರ್ತಾ ಇಲ್ಲ. ದಿವಾನದ ಮೇಲಿಂದ ನೆಗೆದು ಟೈಲ್ಸ್ ಮೇಲೆ ಜಾರಿದ್ದನ್ನ ಮಗಳು ನೋಡಿದ್ದಾಳೆ. ಚೀರಲಿಲ್ಲವಂತೆ. ಈಗ ಮೂರು ಕಾಲಲ್ಲಿ ಕುಪ್ಪಳಿಸಿಕೊಂಡು ಫ್ರಿಜ್ ಹಿಂದೆ ಹೋಗಿ ಕೂತಿದೆ. ರಕ್ತ ಇಲ್ಲ. ಊತ ಇದ್ಯೋ ಇಲ್ವೋ ಆ ಕೂದಲಲ್ಲಿ ಗೊತ್ತಾಗ್ತಿಲ್ಲ, ಮುಟ್ಟೋಕೂ ಬಿಡ್ತಿಲ್ಲ.

ನಮ್ಮ ಏರಿಯಾದ ಪೆಟ್ ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ನಾಯಿ ಬೆಕ್ಕು ಮಾತ್ರ ನೋಡೋದು ಅಂದ್ರು. ರಾತ್ರಿಯೆಲ್ಲಾ ತೆರೆದಿರೋ ಆಸ್ಪತ್ರೆ ಊರಿನ ಆ ತುದಿಗಿದೆ, ಅಲ್ಲೂ ಈ ಹೊತ್ತಲ್ಲಿ ಮೊಲ ಗೊತ್ತಿರೋ ಡಾಕ್ಟರ್ ಇರ್ತಾರೆ ಅಂತ ಖಾತ್ರಿ ಕೊಡ್ತಿಲ್ಲ. ಮನೆಯವರು ನಾಳೆ ನೋಡೋಣ ಅಂತಾರೆ. ಮಗಳು ಊಟ ಮಾಡದೆ ಅಳ್ತಾ ಕೂತಿದ್ದಾಳೆ. ಏನು ಮಾಡ್ಲಿ?

ಬಸವನಗುಡಿ ಅತ್ತೆ

ಅರಿಶಿನ, ಸುಣ್ಣ ಕಲಸಿ ಪಟ್ಟು ಹಾಕಮ್ಮ. ಉಳುಕಿದ್ರೆ ಬೆಳಿಗ್ಗೆ ಹೊತ್ತಿಗೆ ಎಳೆದುಬಿಡುತ್ತೆ. ನಮ್ಮನೇಲಿ ಎಲ್ಲಾರಿಗೂ ಅದೇ.

ಮಲ್ಲೇಶ್ವರದ ಎರಡು ಕಿವಿ

ಅತ್ತೆ, ನಮಗೆ ನಿಮಗೆ ಸರಿ. ಮೊಲ ದಿನವಿಡೀ ಮೈ ನೆಕ್ಕಿಕೊಳ್ಳೋ ಪ್ರಾಣಿ, ಹಚ್ಚಿದ ಸುಣ್ಣವೆಲ್ಲ ಹೊಟ್ಟೆಗೇ ಹೋಗುತ್ತೆ. ಎಣ್ಣೆ ಹಚ್ಚಿ ನೀವೋದೂ ಬೇಡ. ಮೂಳೆ ಮುರಿದಿದ್ರೆ ಚೂರು ಇನ್ನಷ್ಟು ಜರುಗುತ್ತೆ.

ಬೂಂದಿ ಮನೆಯವರೇ, ಕಾಲಿನ ವಿಷಯ ಆಮೇಲೆ. ಮೊದಲು ಇದು ಹೇಳಿ: ಕೊನೇ ಸಲ ಏನು ತಿಂತು, ಯಾವಾಗ? ಬಿದ್ದ ಮೇಲೆ ಹಿಕ್ಕೆ ಹಾಕಿದ್ಯಾ? ಫ್ರಿಜ್ ಹಿಂದೆ ಟಾರ್ಚ್ ಬಿಟ್ಟು ನೋಡಿ, ಎಷ್ಟಿವೆ, ಯಾವಾಗಿನ ಗಾತ್ರವೇ ಇದೆಯಾ ಅಥವಾ ಸಾಸಿವೆಯಷ್ಟು ಸಣ್ಣಗಾಗಿದೆಯಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಮೊಲ ಇನ್ನೊಂದಕ್ಕೆ ಬೇಟೆಯಾಗೋ ಜೀವ. ನೋವನ್ನ ನಾಯಿ ಥರ ಹೇಳಿಕೊಳ್ಳಲ್ಲ, ಮೂಲೆ ಹಿಡಿದು ಕೂರುತ್ತೆ. ನೋವಾದ್ರೆ ಮೇವು ಬಿಡುತ್ತೆ, ಮೇವು ಬಿಟ್ರೆ ಕರುಳಿನ ಚಲನೆ ನಿಲ್ಲುತ್ತೆ, ಅದು ನಿಂತ್ರೆ ಗ್ಯಾಸ್ ತುಂಬಿ ನೋವು ಇನ್ನೂ ಜಾಸ್ತಿ. ಕಾಲು ಮುರಿದ ಮೊಲ ಸಾಯೋದು ಎಷ್ಟೋ ಸಲ ಕಾಲಿನಿಂದಲ್ಲ, ಹೊಟ್ಟೆಯಿಂದ. ಕುಂಟೋದು ಒಂದು ರಾತ್ರಿ ಕಾಯಬಹುದು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ರೆ ಅದು ಕಾಯೋ ವಿಷಯವೇ ಅಲ್ಲ.

ಇನ್ನು ಕೆಲವು ಕಂಡ್ರೆ ಆ ತುದಿ ಈ ತುದಿ ಅಂತ ನೋಡದೆ ಹೊರಟುಬಿಡಿ. ಮೂಳೆ ಹೊರಗೆ ಕಾಣ್ತಿದೆ, ಕಾಲು ಹಗ್ಗದ ಥರ ಜೋತಾಡ್ತಿದೆ, ಎರಡೂ ಹಿಂಗಾಲು ಎಳೀತಿದೆ, ಉಚ್ಚೆ ತಾನಾಗೇ ಸೋರ್ತಿದೆ, ಕಿವಿ ತಣ್ಣಗಾಗಿ ಮೈ ಸಡಿಲ ಬಿಟ್ಟಿದೆ, ಹಲ್ಲು ಜೋರಾಗಿ ಕಟಕಟ ಅಂತಿದೆ. ತಲೆ ಸವರಿದಾಗ ಸಣ್ಣಗೆ ಹಲ್ಲು ಆಡಿಸುತ್ತಲ್ಲ, ಅದು ಖುಷಿ. ಇದು ಬೇರೆ ಥರ, ಕೇಳಿದ್ರೆ ಗೊತ್ತಾಗುತ್ತೆ.

ಬೂಂದಿ ಮನೆಯವರು

ಕೊತ್ತಂಬರಿ ಕಡ್ಡಿ ಮೂಗಿನ ಹತ್ರ ಹಿಡಿದ್ರೆ ಕಿತ್ಕೊಂಡು ತಿಂತು. ಹುಲ್ಲು ಮುಟ್ಟಿಲ್ಲ. ಹಿಕ್ಕೆ ಹತ್ತಿಪ್ಪತ್ತು ಇದೆ, ಯಾವಾಗಿನಷ್ಟೇ ದಪ್ಪ. ಕಿವಿ ಬೆಚ್ಚಗಿದೆ. ಇನ್ನೊಂದು ಹಿಂಗಾಲು ಸರಿಯಾಗಿ ಒದೀತಿದೆ, ಈಗಷ್ಟೇ ನನಗೇ ಒದ್ದು ತೋರಿಸ್ತು.

ಸುಮ್ನೆ ಓದೋನು

1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತೆ. ಅಲ್ಲೀವರೆಗೆ ಮನೇಲಿರೋ ಬ್ರೂಫೆನ್ ಕಾಲು ಮಾತ್ರೆ ನೀರಲ್ಲಿ ಕರಗಿಸಿ ಕೊಡಿ, ಪಾಪ ನೋವು ತಡೀಲಿ.

ಹೆಬ್ಬಾಳ ಹಾಸ್ಟೆಲ್

ದಯವಿಟ್ಟು ಬೇಡ. ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಲ್ಲಿ ಕೊನೇ ವರ್ಷ ಓದ್ತಿದ್ದೀನಿ, ಇನ್ನೂ ಡಾಕ್ಟರ್ ಅಲ್ಲ, ಆ ಲೆಕ್ಕದಲ್ಲೇ ಓದಿಕೊಳ್ಳಿ.

1962 ಮುಖ್ಯವಾಗಿ ರೈತರ ದನ, ಎಮ್ಮೆ, ಕುರಿಗೆ ಅಂತ ಇರೋ ಸಂಚಾರಿ ಚಿಕಿತ್ಸಾಲಯ. ವಿಜಯನಗರದ ಫ್ಲಾಟಿಗೆ ಮೊಲ ನೋಡೋಕೆ ಬರ್ತಾರೆ ಅಂತ ಕಾಯ್ತಾ ಕೂರಬೇಡಿ.

ಮನುಷ್ಯರ ನೋವಿನ ಮಾತ್ರೆ ಯಾವುದೂ ಅಂದಾಜಲ್ಲಿ ಕೊಡೋ ಹಾಗಿಲ್ಲ. ಒಂದು ಪ್ರಾಣಿಗೆ ಒಗ್ಗಿದ್ದು ಇನ್ನೊಂದಕ್ಕೆ ವಿಷ ಆಗೋಕೆ ದೂರ ಹೋಗಬೇಕಿಲ್ಲ. ದನಗಳಿಗೆ ಕೊಡ್ತಿದ್ದ ನೋವಿನ ಔಷಧ ಡೈಕ್ಲೋಫೆನ್ಯಾಕ್, ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ ದೇಶದಲ್ಲಿ ಅವುಗಳ ಸಂತತಿಯೇ ನೆಲ ಕಚ್ಚಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನ ನಿಷೇಧಿಸಿದ್ರು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಇರೋ ಬೆರಳೆಣಿಕೆಯ ಹದ್ದುಗಳನ್ನ ನೋಡಿದ್ರೆ ಸಾಕು. ಡೈಕ್ಲೋಫೆನ್ಯಾಕ್‌ಗೆ ಬದಲಿಯಾಗಿ ಮುಂದೆ ಬಂದದ್ದು ಮೆಲಾಕ್ಸಿಕ್ಯಾಮ್. ಮೊಲಕ್ಕೂ ಡಾಕ್ಟರುಗಳು ಸಾಮಾನ್ಯವಾಗಿ ಬರೆಯೋದು ಅದೇ. ಆದ್ರೆ ಅದನ್ನೂ ನಾಯಿ ಬಾಟಲಿ ಮೇಲಿನ ಲೆಕ್ಕ ನೋಡಿ ಹಾಕೋಕಾಗಲ್ಲ. ಮೊಲಕ್ಕೆ ಕಿಲೋ ಲೆಕ್ಕದ ಡೋಸ್ ಬೇರೆ, ನೀರು ಕುಡಿಯದೆ ಮೈ ಒಣಗಿದ್ರೆ ಕಿಡ್ನಿಗೆ ಪೆಟ್ಟು. ತೂಕ ಹಾಕಿ, ನೋಡಿ ಬರೀಬೇಕು.

ನೀವು ಹೇಳಿದ್ದು ನೋಡಿದ್ರೆ ಬೆಳಿಗ್ಗೆವರೆಗೆ ಕಾಯಬಹುದು ಅನ್ನಿಸುತ್ತೆ, ತಿನ್ನೋದು ನಿಲ್ಲಿಸದೆ ಇದ್ರೆ ಮಾತ್ರ. ಫ್ರಿಜ್ ಹಿಂದಿನಿಂದ ಈಚೆ ತಂದು, ನೆಗೆಯೋಕೆ ಜಾಗ ಸಾಲದಂಥ ಚಿಕ್ಕ ಆವರಣದಲ್ಲಿಡಿ. ಕೆಳಗೆ ದಪ್ಪ ಟವೆಲ್, ಬಾಯಿಗೆ ಎಟುಕೋ ಹಾಗೆ ಹುಲ್ಲು, ಬಾಟಲಿ ಬದಲು ತಟ್ಟೆಯಲ್ಲಿ ನೀರು. ಎತ್ತುವಾಗ ಒಂದು ಕೈ ಎದೆ ಕೆಳಗೆ, ಒಂದು ಕೈ ಪೃಷ್ಠದ ಕೆಳಗೆ, ನಿಮ್ಮ ಮೈಗೆ ಒತ್ತಿಕೊಂಡು. ಕಿವಿ ಹಿಡಿದು ಎತ್ತೋದು, ಅಂಗಾತ ಮಲಗಿಸಿ ಕಾಲು ನೋಡೋದು ಎರಡೂ ಬೇಡ. ಮೊಲದ ಅಸ್ಥಿಪಂಜರ ಅದರ ಮೈತೂಕದ ನೂರಕ್ಕೆ 7ರಿಂದ 8 ಭಾಗ ಅಷ್ಟೇ, ಬೆಕ್ಕಿಗೆ 12ರಿಂದ 13. ಅಷ್ಟು ಹಗುರ ಮೂಳೆಗೆ ಅಷ್ಟು ದಪ್ಪ ತೊಡೆ ಸ್ನಾಯು. ಹೆದರಿ ಜೋರಾಗಿ ಒಂದು ಸಲ ಒದ್ರೆ ತನ್ನ ಬೆನ್ನುಮೂಳೆಯನ್ನ ತಾನೇ ಮುರಿದುಕೊಳ್ಳುತ್ತೆ.

ರಾಣೆಬೆನ್ನೂರಿನವ

ನಮ್ಮ ಹೊಲದಾಗ ಮೊದ್ಲು ಮೊಲ ಸಾಕಿದ್ವಿರಿ, ಈಗ ಪೀಣ್ಯದಾಗ ಅದೀನಿ. ಎಲ್ಲಾ ಕುಂಟೂ ಮೊಲಕ್ಕ ಮೂಳಿ ಮುರದಿರಂಗಿಲ್ರಿ. ಉಗುರು ಕಿತ್ತಿರತೈತಿ, ಇಲ್ಲಾ ಹಿಮ್ಮಡಿ ಹುಣ್ಣಾಗಿರತೈತಿ. ನಾಯಿ ಬೆಕ್ಕಿಗೆ ಅಂಗಾಲಿನಾಗ ಮೆತ್ತನ ಗದ್ದಿಗಿ ಇರತೈತಿ, ಮೊಲಕ್ಕ ಬರೇ ಕೂದಲಾ. ತಂತಿ ಪಂಜರದಾಗ, ಇಲ್ಲಾ ನಿಮ್ಮ ಬೆಂಗಳೂರಿನ ಕನ್ನಡಿ ಹಂಗ ಹೊಳಿಯೋ ಟೈಲ್ಸ್ ಮ್ಯಾಲ ಇಟ್ರ ಆ ಕೂದಲಾ ಸವೀತೈತಿ, ಚರ್ಮ ಕೆಂಪಾಗಿ ಒಡೀತೈತಿ. ಎಡಗಾಲಿನ ಅಂಗಾಲನೂ ಒಮ್ಮೆ ನೋಡ್ರಿ. ಅಲ್ಲೂ ಬೋಳಾಗಿದ್ರ ರೋಗ ಇವತ್ತಿಂದಲ್ಲ.

ಕುಡ್ಲದ ಹುಡುಗಿ

ಇನ್ನೊಂದು ಸೇರಿಸ್ತೇನೆ. ನಮ್ಮದು ಬೀಳಲೂ ಇಲ್ಲ ಏಳಲೂ ಇಲ್ಲ, ಹಿಂಗಾಲು ಮಾತ್ರ ದಿನದಿಂದ ದಿನಕ್ಕೆ ಸೋಲ್ತಾ ಬಂತು, ಆಮೇಲೆ ಕುತ್ತಿಗೆ ಒಂದು ಬದಿಗೆ ವಾಲಿತು ಮಾರಾಯ್ರೆ. ಅದು ಕಾಲಿನ ಕಾಯಿಲೆಯೇ ಅಲ್ಲ, ಮೆದುಳು ಮತ್ತು ಕಿಡ್ನಿಗೆ ಹತ್ತುವ ಎನ್ಸೆಫಾಲಿಟೋಜೂನ್ ಕ್ಯುನಿಕ್ಯುಲಿ ಅಂತ ಒಂದು ಪರೋಪಜೀವಿ. ಫೆನ್‌ಬೆಂಡಜೋಲ್ 28 ದಿನ ಕೊಟ್ಟರು. ಕುತ್ತಿಗೆ ಪೂರ್ತಿ ನೆಟ್ಟಗಾಗಲಿಲ್ಲ, ತಿನ್ನಲಿಕ್ಕೆ ಏನೂ ತೊಂದರೆ ಇಲ್ಲ. ನಿಮ್ಮದು ಬಿದ್ದದ್ದು ಕಣ್ಣಾರೆ ಕಂಡದ್ದರಿಂದ ಇದು ಇರಲಿಕ್ಕಿಲ್ಲ. ಓದುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಗಾಂಧಿಬಜಾರ್ ಗುಂಡ

ಬೇಜಾರಾಗಬೇಡಿ, ಯಾರಾದ್ರೂ ಒಬ್ಬರು ಕೇಳಲೇಬೇಕು. ಶಿವಾಜಿನಗರಕ್ಕೆ ಹೋದ್ರೆ ಮೂರಂಕಿ ದುಡ್ಡಿಗೆ ಮೊಲ ಸಿಗುತ್ತೆ. ಎಕ್ಸ್‌ರೇ ನಾಲ್ಕಂಕಿ, ಆಪರೇಷನ್ ಐದಂಕಿ. ಮೂಗಿಗಿಂತ ಮೂಗುತಿ ಭಾರ ಆಗಲ್ವಾ?

ಮಲ್ಲೇಶ್ವರದ ಎರಡು ಕಿವಿ

ಆ ಲೆಕ್ಕ ಕೊಳ್ಳೋ ದಿನಕ್ಕೆ. ಮನೇಲಿ ಒಂದು ವರ್ಷ ಓಡಾಡಿದ ಮೇಲೆ ಯಾರೂ ಅಂಗಡಿ ರೇಟು ಹಿಡ್ಕೊಂಡು ಕೂರಲ್ಲ. ಆದ್ರೆ ದುಡ್ಡಿನ ಪ್ರಶ್ನೆ ಕೆಟ್ಟದ್ದಲ್ಲ, ಡಾಕ್ಟರ ಹತ್ರವೇ ಮೊದಲೇ ಕೇಳಿ. "ಎಕ್ಸ್‌ರೇಗೆ ಎಷ್ಟು, ಎರಡನೇ ಸಲ ಬರೋದಿದ್ರೆ ಎಷ್ಟು, ಆಪರೇಷನ್ ಮಾಡದಿದ್ರೆ ಏನಾಗುತ್ತೆ?" ಕೊನೇ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡೋರು ಒಳ್ಳೇ ಡಾಕ್ಟರು ಅಂತ ನನ್ನ ಅಭಿಪ್ರಾಯ.

ಹೆಬ್ಬಾಳ ಹಾಸ್ಟೆಲ್

ಬೆಳಿಗ್ಗೆ ಫೋನ್ ಮಾಡುವಾಗ ಮೊಲ ನೋಡ್ತೀರಾ ಅಂತ ಮಾತ್ರ ಕೇಳಬೇಡಿ, ರಿಸೆಪ್ಷನ್‌ನಲ್ಲಿ ಹೂಂ ಅಂದುಬಿಡ್ತಾರೆ. ಮೊಲ ನೋಡೋ ಡಾಕ್ಟರ್ ಇವತ್ತು ಇದ್ದಾರಾ, ಮೊಲಕ್ಕೆ ಅನಸ್ತೇಶಿಯಾ ಕೊಟ್ಟು ಅಭ್ಯಾಸ ಇದೆಯಾ, ಎಕ್ಸ್‌ರೇ ಅಲ್ಲೇ ಇದೆಯಾ ಅಂತ ಬಿಡಿಸಿ ಕೇಳಿ. ಎಕ್ಸೋಟಿಕ್, ಅಂದ್ರೆ ನಾಯಿ ಬೆಕ್ಕು ಬಿಟ್ಟು ಬೇರೆ ಸಾಕುಪ್ರಾಣಿ, ನೋಡ್ತೀವಿ ಅನ್ನೋ ಕ್ಲಿನಿಕ್‌ಗಳು ಈಗ ಊರಲ್ಲಿ ಸುಮಾರಿವೆ, ಕೆಲವರಿಗೆ ಎಕ್ಸೋಟಿಕ್ ಅಂದ್ರೆ ಗಿಳಿ ಮಾತ್ರ. ನಮ್ಮ ಕಾಲೇಜು 1958ರಿಂದ ಇರೋದು, ಆಸ್ಪತ್ರೆ ಕ್ಯಾಂಪಸ್ಸಲ್ಲೇ ಇದೆ, ಖರ್ಚು ಖಾಸಗಿಗಿಂತ ಕಮ್ಮಿ. ಭಾನುವಾರದ ವ್ಯವಸ್ಥೆ ಫೋನಲ್ಲಿ ವಿಚಾರಿಸಿಕೊಂಡೇ ಹೊರಡಿ.

ಬೂಂದಿ ಮನೆಯವರು | ಭಾನುವಾರ ಮಧ್ಯಾಹ್ನ

ರಾತ್ರಿ ಪುದೀನ, ಸ್ವಲ್ಪ ಹುಲ್ಲು ತಿಂತು, ಬೆಳಿಗ್ಗೆ ಹಿಕ್ಕೆನೂ ಇತ್ತು. ಹತ್ತಿರದ ಒಂದು ಕ್ಲಿನಿಕ್ ತೆರೆದಿತ್ತು, ಹೋದ್ವಿ. ಎಕ್ಸ್‌ರೇ ತೆಗೆದ್ರು. ಹಿಂಪಾದದ ಉದ್ದ ಮೂಳೆಗಳಲ್ಲಿ ಹೊರ ಅಂಚಿನದು ಮುರಿದಿದೆ, ಅದರ ಪಕ್ಕದ್ದರಲ್ಲಿ ಬಿರುಕು. ಚರ್ಮ ಹರಿದಿಲ್ಲ. ಪಿನ್ ಹಾಕಬೇಕು, ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಇವತ್ತು ರಾತ್ರಿಯಿಂದ ಏನೂ ತಿನ್ನಿಸಬೇಡಿ ಅಂದ್ರು. ಅಮಾಕ್ಸಿಸಿಲಿನ್ ಸಿರಪ್ ಬರೆದಿದ್ದಾರೆ, ಕೊರಳಿಗೆ ಹಾಕೋ ಪ್ಲಾಸ್ಟಿಕ್ ಕೋನ್ ಕೊಟ್ಟಿದ್ದಾರೆ. ಡಾಕ್ಟರ್ ಒಳ್ಳೆಯವರೇ, ಸಮಾಧಾನವಾಗಿ ಮಾತಾಡಿದ್ರು. ಆದ್ರೆ ಏನೂ ತಿನ್ನಿಸಬೇಡಿ ಅಂದಿದ್ದು ಕೇಳಿ ನೀವು ನಿನ್ನೆ ಬರೆದಿದ್ದು ನೆನಪಾಯ್ತು.

ಹೆಬ್ಬಾಳ ಹಾಸ್ಟೆಲ್

ಆ ಸಿರಪ್ ಬಾಯಿಗೆ ಹಾಕಬೇಡಿ, ಮೊದಲು ಮೊಲ ಗೊತ್ತಿರೋ ಇನ್ನೊಬ್ಬರಿಗೆ ಫೋನ್ ಮಾಡಿ. ಪೆನಿಸಿಲಿನ್ ಜಾತಿಯ ಔಷಧ ಬಾಯಿಂದ ಹೋದ್ರೆ ಮೊಲದ ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ತುಂಬಿಕೊಂಡು ವಿಷ ಬಿಡುತ್ತವೆ. ಭೇದಿ ಹತ್ತಿ ಪ್ರಾಣಕ್ಕೇ ಬರುತ್ತೆ. ನಾಯಿಗೆ ಅದೇ ಸಿರಪ್ ದಿನಾ ಕೊಡ್ತಾರೆ, ಆ ಅಭ್ಯಾಸದಲ್ಲಿ ಬರೆದಿರ್ತಾರೆ. ಚರ್ಮ ಹರಿಯದ ಮುರಿತಕ್ಕೆ ಆಂಟಿಬಯೋಟಿಕ್ ಬೇಕಾ ಅನ್ನೋದೇ ಕೇಳಬೇಕಾದ ಪ್ರಶ್ನೆ.

ಉಪವಾಸವೂ ಹಾಗೇ. ನಾಯಿ ಬೆಕ್ಕನ್ನ ಹಸಿದ ಹೊಟ್ಟೇಲಿ ಕರೆಸೋದು ಅನಸ್ತೇಶಿಯಾದಲ್ಲಿ ವಾಂತಿ ಆಗಬಾರದು ಅಂತ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ರಾತ್ರಿಯಿಡೀ ಉಪವಾಸ ಕೆಡವಿದ್ರೆ ಲಾಭ ಇಲ್ಲ, ಕರುಳು ನಿಲ್ಲೋ ಅಪಾಯ ಮಾತ್ರ. ಬಾಯಲ್ಲಿ ಮೇವು ಉಳಿದಿರಬಾರದು ಅಂತ ಸ್ವಲ್ಪ ಹೊತ್ತು ಮುಂಚೆ ತಟ್ಟೆ ತೆಗೀತಾರೆ, ಅಷ್ಟೇ.

ಪಿನ್ ಬೇಕಾ ಬೇಡ್ವಾ ಅಂತ ಪ್ರಾಣಿ ನೋಡದೆ ನಾನು ಹೇಳೋದು ತಪ್ಪಾಗುತ್ತೆ. ಓದಿದ್ದು ಮಾತ್ರ ಹೇಳ್ತೀನಿ. ಹಿಂಗಾಲಲ್ಲಿ ನಾಲ್ಕು ಬೆರಳು, ನಾಲ್ಕು ಉದ್ದ ಮೂಳೆ. ಒಂದೆರಡು ಮುರಿದು, ಜಾಗ ಬಿಟ್ಟು ಹೆಚ್ಚು ಸರಿಯದೆ, ಉಳಿದವು ಗಟ್ಟಿ ಇದ್ರೆ ಅವೇ ಪಕ್ಕದಲ್ಲಿ ಆಧಾರ ಕೊಡುತ್ತವೆ. ಅಂಥದ್ದಕ್ಕೆ ಪಟ್ಟಿ, ವಿಶ್ರಾಂತಿ ಸಾಕಾಗೋದು ಉಂಟು. ತೊಡೆ ಮೂಳೆಯೋ ಮೊಣಕಾಲ ಕೆಳಗಿನ ಮೂಳೆಯೋ ಆಗಿದ್ರೆ ಕತೆ ಬೇರೆ. ಎಕ್ಸ್‌ರೇ ನಿಮ್ಮ ದುಡ್ಡಿಂದ ತೆಗೆಸಿದ್ದು, ಕೇಳಿದ್ರೆ ವಾಟ್ಸ್ಯಾಪಿಗೇ ಹಾಕ್ತಾರೆ. ತಗೊಂಡು ಇನ್ನೊಬ್ಬರಿಗೆ ತೋರಿಸಿ.

ಮಲ್ಲೇಶ್ವರದ ಎರಡು ಕಿವಿ

ಕೋನ್ ಬಗ್ಗೆನೂ ಹೇಳಿಬಿಡ್ತೀನಿ. ಮೊಲ ಗಟ್ಟಿ ಹಿಕ್ಕೆ ಅಲ್ಲದೆ ಮೆತ್ತಗಿನ, ಗೊಂಚಲು ಥರದ ಇನ್ನೊಂದು ಹಾಕುತ್ತೆ, ಅದನ್ನ ಬಗ್ಗಿ ನೇರವಾಗಿ ಬಾಯಿಗೆ ತಗೊಂಡು ತಿನ್ನುತ್ತೆ. ಅಸಹ್ಯ ಅಲ್ಲ, ಅದರ ವಿಟಮಿನ್ ಇರೋದೇ ಅದರಲ್ಲಿ. ಕೋನ್ ಹಾಕಿದ್ರೆ ಅದು ಎಟುಕಲ್ಲ, ಹುಲ್ಲೂ ಸರಿಯಾಗಿ ಎಟುಕಲ್ಲ, ಗಾಬರಿ ಬೇರೆ. ಪಟ್ಟಿ ಕಚ್ಚಿ ಹರೀತಿದ್ರೆ ಮಾತ್ರ ಬೇರೆ ದಾರಿ ಇಲ್ಲ, ಆಗಲೂ ಬಟ್ಟೆಯ ಮೆತ್ತನೆ ಕೊರಳಪಟ್ಟಿ ವಾಸಿ.

ಗಾಂಧಿಬಜಾರ್ ಗುಂಡ

ಒಬ್ಬ ಡಾಕ್ಟರು ನೋಡಿ ಹೇಳಿದ್ಮೇಲೂ ಇಲ್ಲಿ ಎಲ್ಲಾರೂ ತಮ್ಮದೇ ವಾದ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದಹಾಗಾಯ್ತು.

ಕುಡ್ಲದ ಹುಡುಗಿ

ಈ ಮೊಲಕ್ಕೆ ಸದ್ಯಕ್ಕೆ ಮೂರೇ ಕಾಲು ಅಲ್ವಾ 😄

ಗಾಂಧಿಬಜಾರ್ ಗುಂಡ

ಸರಿ, ಸೋತೆ. ಆದ್ರೆ ನಿಜವಾಗಿ ಕೇಳ್ತೀನಿ, ವ್ಯಂಗ್ಯ ಅಲ್ಲ. ಸಾಕು, ಇನ್ನು ಬೇಡ ಅಂತ ಯಾವಾಗ ಅಂದ್ಕೋಬೇಕು? ನಮ್ಮ ಮನೆ ನಾಯಿಗೆ ಕೊನೇಗೆ ನಾವು ಆ ನಿರ್ಧಾರ ತಗೊಳ್ಳೋದು ತಡ ಮಾಡಿದ್ವಿ ಅಂತ ನಮ್ಮಪ್ಪ ಇವತ್ತಿಗೂ ಅಂತಿರ್ತಾರೆ.

ಮಲ್ಲೇಶ್ವರದ ಎರಡು ಕಿವಿ

ಒಳ್ಳೇ ಪ್ರಶ್ನೆ. ಕಾಲೇ ಹೋದ್ರೂ ಮೊಲ ಬದುಕುತ್ತೆ. ನನ್ನ ಹತ್ರ ಒಂದಿತ್ತು, ತೊಡೆ ಮೂಳೆ ಚೂರು ಚೂರಾಗಿತ್ತು, ಜೋಡಿಸೋಕೆ ಆಗಲ್ಲ ಅಂತ ಹಿಂಗಾಲು ತೆಗೆದ್ರು. ಎಚ್ಚರ ಆದ ಸಂಜೆಯೇ ಹುಲ್ಲು ಕೇಳ್ತು. ಆಮೇಲೆ ವರ್ಷಗಟ್ಟಲೆ ಮನೆ ತುಂಬ ಓಡಾಡ್ಕೊಂಡಿತ್ತು. ಕಾಲು ತೆಗೆದ ಕಡೆಯ ಕಿವಿ ಮಾತ್ರ ಕೆರೆದುಕೊಳ್ಳೋಕೆ ಆಗ್ತಿರಲಿಲ್ಲ, ಕಾಲಿಲ್ಲದ ತೊಡೆ ಬುಡ ಗಾಳಿಯಲ್ಲಿ ಪಟಪಟ ಆಡೋದು. ನಾವು ಆ ಕಿವಿ ಕೆರೆದುಕೊಡ್ತಿದ್ವಿ, ಕಣ್ಣು ಮುಚ್ಚಿಕೊಂಡು ಕೂರೋದು. ಉಳಿದ ಕಾಲಿನ ಹಿಮ್ಮಡಿಗೆ ಭಾರ ಜಾಸ್ತಿ ಅಂತ ತೂಕ ಏರದ ಹಾಗೆ ನೋಡ್ಕೊಂಡ್ವಿ.

ಬೆನ್ನುಹುರಿ ಮುರಿದು, ಹಿಂಭಾಗಕ್ಕೆ ಚಿವುಟಿದ್ರೂ ಗೊತ್ತಾಗದೆ, ಉಚ್ಚೆ ಹಿಡಿತ ಪೂರ್ತಿ ಹೋಗಿದ್ರೆ ಆಗ ಆ ಮಾತು ಬರುತ್ತೆ. ಅಲ್ಲೂ ಕೆಲವರು ದಿನಾ ಒತ್ತಿ ಉಚ್ಚೆ ತೆಗೆದು, ತೊಳೆದು ನೋಡ್ಕೋತಾರೆ. ಆಗದವರನ್ನ ನಾನು ಬೈಯಲ್ಲ. ಪಾದದ ಒಂದು ಮೂಳೆಗೆ ಆ ಮಾತು ಬೇಕಿಲ್ಲ.

ಬೂಂದಿ ಮನೆಯವರು | ಸೋಮವಾರ ರಾತ್ರಿ

ಮೊಲ ನೋಡಿ ಅಭ್ಯಾಸ ಇರೋ ಡಾಕ್ಟರ್ ಸಿಕ್ಕಿದ್ರು, ಊರಿನ ಇನ್ನೊಂದು ತುದಿ. ತರಕಾರಿ ಕ್ರೇಟಿಗೆ ಟವೆಲ್ ಹಾಸಿ, ಹುಲ್ಲು ತುಂಬಿ, ಮೇಲೆ ತೆಳು ಬಟ್ಟೆ ಕಟ್ಟಿ ಆಟೋದಲ್ಲಿ ಹೋದ್ವಿ. ಡ್ರೈವರ್ ಗುಂಡಿ ಬಂದಲ್ಲೆಲ್ಲ "ಮೇಡಂ ಹಿಡ್ಕೊಳ್ಳಿ" ಅಂತ ಹೇಳಿ ಹೇಳಿ ಇಳಿಸಿದ್ರು, ಮೀಟರ್ ಮೇಲೆ ಕೇಳದೇ ಇದ್ದ ಆಟೋ ಅಂತ ಇನ್ನೊಂದು ಆಶ್ಚರ್ಯ.

ಡಾಕ್ಟರ್ ಮೊದಲು ನೋಡಿದ್ದು ಹೊಟ್ಟೆ, ಆಮೇಲೆ ಹಲ್ಲು, ಕೊನೇಗೆ ಕಾಲು. ಎಕ್ಸ್‌ರೇ ನೋಡಿ ಸದ್ಯಕ್ಕೆ ಪಿನ್ ಬೇಡ ಅಂದ್ರು. ಅವರ ಮಾತಲ್ಲೇ ಹೇಳೋದಾದ್ರೆ, ಪಟ್ಟಿಯಲ್ಲಿ ಕೂಡದಿದ್ರೆ ಆಮೇಲೂ ಪಿನ್ ಹಾಕಬಹುದು, ಹಾಕಿದ ಪಿನ್ನನ್ನ ಹಾಕಲಿಲ್ಲ ಅಂತ ಮಾಡೋಕಾಗಲ್ಲ. ದಪ್ಪ ಹತ್ತಿ ಇಟ್ಟು ಪಾದಕ್ಕೆ ಆಧಾರ ಕಟ್ಟಿದ್ರು, ಮಧ್ಯದ ಎರಡು ಬೆರಳ ತುದಿ ಕಾಣೋ ಹಾಗೆ ಬಿಟ್ಟಿದ್ದಾರೆ. ಆ ತುದಿ ಊದಿಕೊಂಡ್ರೆ, ತಣ್ಣಗಾದ್ರೆ, ವಾಸನೆ ಬಂದ್ರೆ, ಪಟ್ಟಿ ಉಚ್ಚೇಲಿ ನೆಂದ್ರೆ ಅಪಾಯಿಂಟ್‌ಮೆಂಟ್ ಕಾಯದೆ ಬರಬೇಕು. ಮೆಲಾಕ್ಸಿಕ್ಯಾಮ್ ತೂಕ ನೋಡಿ ಬರೆದ್ರು. ಆಂಟಿಬಯೋಟಿಕ್ ಬೇಡ ಅಂದ್ರು. ಮೂಳೆ ಕೂಡೋಕೆ ಸಾಮಾನ್ಯವಾಗಿ 4ರಿಂದ 6 ವಾರ, ಮಧ್ಯೆ ಪಟ್ಟಿ ಬದಲಾಯಿಸೋದು, ಮತ್ತೊಂದು ಎಕ್ಸ್‌ರೇ.

ಪೆಲೆಟ್ ಅಂತ ಬರೋ ಮೊಲದ ಒಣ ತಿಂಡಿ ನೆನೆಸಿ ರುಬ್ಬಿ ಸಿರಿಂಜಲ್ಲಿ ಕೊಡೋದೂ ತೋರಿಸಿದ್ರು, ತಾನಾಗಿ ತಿನ್ನದ ದಿನಕ್ಕೆ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಸಂದು ಇರುತ್ತೆ, ಅಲ್ಲಿಂದ ಸ್ವಲ್ಪ ಸ್ವಲ್ಪ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ರೆ ಕೊಡದೆ ಫೋನ್ ಮಾಡಬೇಕಂತೆ.

ರಾಣೆಬೆನ್ನೂರಿನವ

ಚಲೋ ಆತ್ರಿ. ಅಂಗಾಲು ಹೆಂಗೈತಿ ಅಂದ್ರು?

ಬೂಂದಿ ಮನೆಯವರು

ನೀವು ಹೇಳಿದ್ದು ಸರಿ ಸರ್. ಎರಡೂ ಹಿಮ್ಮಡೀಲಿ ಕೂದಲು ಸವೆದು ತೆಳು ಕೆಂಪು, ಹುಣ್ಣಾಗಿಲ್ಲ. ಟೈಲ್ಸ್ ಮೇಲೆ ಏನಾದ್ರೂ ಹಾಸಲೇಬೇಕು ಅಂದ್ರು. ಫೋಮ್ ಮ್ಯಾಟ್ ಹಾಕಿದ್ರೆ ಕಡಿದು ನುಂಗುತ್ತಲ್ವಾ? ಹುಲ್ಲೂ ಒಂದು ಸಮಸ್ಯೆ. ಆನ್‌ಲೈನ್ ಟಿಮೋತಿ ಹುಲ್ಲು ಮುಗೀತಾ ಬಂದಿದೆ, ಡೆಲಿವರಿ ಮುಂದಿನ ವಾರ ಅಂತಿದೆ.

ಮಲ್ಲೇಶ್ವರದ ಎರಡು ಕಿವಿ

ಹಳೇ ಕಾಟನ್ ಜಮಖಾನ ಹಾಸಿ, ಅಂಚಿನ ದಾರ ಕತ್ತರಿಸಿ ಮಡಚಿ ಹೊಲೆದುಬಿಡಿ. ಜಾರಲ್ಲ, ಒಗೆಯೋಕೂ ಸುಲಭ. ಹುಲ್ಲಿಗೆ ಅಲ್ಲೀವರೆಗೆ ಗರಿಕೆ ಕೊಡಿ. ದೇವಸ್ಥಾನದ ಮುಂದೆ ಗಣೇಶನಿಗೆ ಅಂತ ಮಾರೋದು ಎಳೇದು, ಕಟ್ಟು ಚಿಕ್ಕದು. ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನವರ ಹತ್ರ ಬೆಳಿಗ್ಗೆ ಹೋದ್ರೆ ದೊಡ್ಡ ಹೊರೆಯೇ ಸಿಗುತ್ತೆ. ಚೆನ್ನಾಗಿ ತೊಳೆದು ನೀರು ಆರಿಸಿ. ಅಭ್ಯಾಸ ಇಲ್ಲದಿದ್ರೆ ಮೊದಲ ದಿನ ಒಂದು ಹಿಡಿ ಸಾಕು. ಕುದುರೆ ಮಸಾಲೆ ಸೊಪ್ಪು (ಆಲ್ಫಾಲ್ಫಾ) ಮಾತ್ರ ಬೇಡ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಆರು ತಿಂಗಳ ಒಳಗಿನ ಮರಿಗಳಿಗೆ ಸರಿ.

ಬಸವನಗುಡಿ ಅತ್ತೆ

ಮೂಳೆ ಮುರಿದಿದೆ, ಕ್ಯಾಲ್ಸಿಯಂ ಬೇಡ್ವಾ?

ಹೆಬ್ಬಾಳ ಹಾಸ್ಟೆಲ್

ಅತ್ತೆ, ಮೊಲ ತಿಂದ ಕ್ಯಾಲ್ಸಿಯಂ ಬಹುತೇಕ ಎಲ್ಲವನ್ನೂ ಹೀರಿಕೊಂಡು, ಹೆಚ್ಚಾದದ್ದನ್ನ ಉಚ್ಚೇಲಿ ಬಿಡುತ್ತೆ. ಜಾಸ್ತಿ ಆದ್ರೆ ಮೂತ್ರಕೋಶದಲ್ಲಿ ಮರಳು ಥರ ಕೂರುತ್ತೆ, ಕಲ್ಲೂ ಆಗಬಹುದು. ದಿನಾ ಹುಲ್ಲು, ಸೊಪ್ಪು ತಿನ್ನೋ ಮೊಲಕ್ಕೆ ಮೇಲಿಂದ ಬೇಡ.

ಬಸವನಗುಡಿ ಅತ್ತೆ

ಸರಿಯಪ್ಪ. ನಮ್ಮ ತಾರಸಿ ಮೇಲೆ ಕುಂಡದಲ್ಲಿ ಗರಿಕೆ ಬೇಕಾದಷ್ಟು ಬೆಳೆದಿದೆ, ಔಷಧಿ ಏನೂ ಹೊಡೆದಿಲ್ಲ. ವಿಜಯನಗರದಿಂದ ದೂರ ಏನಿಲ್ಲ. ನಾಳೆ ಸಂಜೆ ಮಗಳನ್ನ ಕಳಿಸಮ್ಮ, ಕೊಯ್ದು ಇಟ್ಟಿರ್ತೀನಿ.

ಬೂಂದಿ ಮನೆಯವರು

ಬರ್ತೀವಿ ಅತ್ತೆ, ವಿಳಾಸ ಮೆಸೇಜ್ ಮಾಡಿ. ಡಾಕ್ಟರ್ ನಂಬರ್ ಕೇಳ್ತಿರೋರು ನನಗೂ ಮೆಸೇಜ್ ಮಾಡಿ, ಅವರನ್ನ ಕೇಳದೆ ಇಲ್ಲಿ ಹಾಕಲ್ಲ. ಎರಡನೇ ಎಕ್ಸ್‌ರೇ ಆದ ಮೇಲೆ ಬರೀತೀನಿ.